ಕಲ್ಲಿಗೆ ಹುಳಿ ಹಿಂಡಿದವರು

ನಮ್ಮ ಮನೆಯಲ್ಲಿ ನಿಂಬೆಹಣ್ಣಿಗೆ ಎಲ್ಲೆಂದರಲ್ಲಿ ಕೂರುವ ಅಧಿಕಾರವಿರಲಿಲ್ಲ. ಹೆಚ್ಚುವುದೂ ಹಿಂಡುವುದೂ ಪಾತ್ರೆ ತೊಳೆಯುವ ಸ್ಟೀಲಿನ ತೊಟ್ಟಿಯೊಳಗೇ ಆಗಬೇಕು, ಚಾಕುವನ್ನು ಅಲ್ಲೇ ತೊಳೆಯಬೇಕು, ಸಿಪ್ಪೆ ನೇರ ಕಸದ ಡಬ್ಬಿಗೆ ಹೋಗಬೇಕು. ನಮ್ಮವರು ಅಮೃತಶಿಲೆಗೆ ಪಾಲಿಶ್ ಹಾಕುವವರು. ಊಟದ ಮೇಜಿನ ಹಲಗೆ, ಕಿಟಕಿಗಳ ಕಟ್ಟೆ, ಬಚ್ಚಲುಮನೆಯ ಗೂಡು, ಎಲ್ಲವೂ ಕೆಲಸದಲ್ಲಿ ಉಳಿದ ತುಂಡುಗಳನ್ನು ತಂದು ಅವರೇ ಕೂರಿಸಿದ್ದು. ಅಮೃತಶಿಲೆಗೂ ಹುಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ತೊಟ್ಟು ಬಿದ್ದರೆ ಸಾಕು, ಅಷ್ಟಗಲ ಹೊಳಪು ಸತ್ತು ಮಂಕಾಗುತ್ತದೆ. ಒರೆಸಿದರೆ ಹೋಗುವ ಕಲೆಯಲ್ಲ ಅದು. ಕಲ್ಲಿನ ಮೇಲ್ಚರ್ಮವೇ ಕರಗಿರುತ್ತದೆ.

"ಹುಳಿ ಹಿಂಡೋರು ಸಂಸಾರ ಕೆಡಿಸ್ತಾರೆ, ಮಾರ್ಬಲ್ಲೂ ಕೆಡಿಸ್ತಾರೆ" ಎನ್ನುವುದು ಅವರ ಹಳೆಯ ಮಾತು. ಮನೆಗೆ ಬಂದ ನೆಂಟರಿಗೆಲ್ಲ ಒಂದು ಸಲವಾದರೂ ಹೇಳಿ, ತಾವೇ ಮೊದಲು ನಗುತ್ತಿದ್ದರು.

ಹೀಗಿದ್ದವರು ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು, ಚಪ್ಪಲಿ ಮೆಟ್ಟುವಾಗಲೇ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ಕುಳಿತುಬಿಟ್ಟರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಮೊದಲು ಹೊಳೆದದ್ದು ಎದೆ. ಅವರ ಹೃದಯದ ಒಂದು ಕವಾಟವನ್ನು ಹಿಂದೆಯೇ ತೆಗೆದು ಲೋಹದ್ದು ಹಾಕಿದ್ದರು. ಅಂದಿನಿಂದ ರಕ್ತ ತೆಳುವಾಗಿಡುವ ಮಾತ್ರೆ ದಿನವೂ ತಪ್ಪುವ ಹಾಗಿಲ್ಲ.

"ಎದೆ ಅಲ್ಲ ಕಣೇ, ಬೆನ್ನು. ಒಳಗಡೆ ಯಾರೋ ಉಳಿ ಹಾಕಿ ಹೊಡೀತಿದ್ದಾರೆ" ಎಂದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಎಡ ಮೂತ್ರಪಿಂಡದಲ್ಲಿ ಕಲ್ಲು. ಸಣ್ಣ ಹರಳೇನಲ್ಲ, ಬೀದಿಯ ಜಲ್ಲಿಯಷ್ಟಿತ್ತು. ನೋವು ಇಳಿಯಲು ಚುಚ್ಚುಮದ್ದು ಕೊಟ್ಟ ಮೇಲೆ ಕಲ್ಲಿನ ವೈದ್ಯರ ಕೋಣೆಗೆ ಕಳಿಸಿದರು. ಆ ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಆಮೇಲೆ ಮೇಜಿನ ಮೇಲೆಲ್ಲ ಅದನ್ನೇ ಹುಡುಕುವವರು.

"ಏನು ಕೆಲಸ ಮಾಡ್ತೀರಿ?"

"ಕಲ್ಲಿನ ಕೆಲಸ."

"ಹಾಗಾದ್ರೆ ಕೆಲಸಾನ ಮನೆಗೆ ಹೊತ್ಕೊಂಡು ಬಂದಿದ್ದೀರಿ" ಎಂದು ಡಾಕ್ಟರಮ್ಮ ನಕ್ಕರು. ಇವರು ನಗಲಿಲ್ಲ. ಬೇರೆಯವರ ಕಲ್ಲಿನ ಜೋಕು ಇವರಿಗೆ ಅಷ್ಟಾಗಿ ಹಿಡಿಸುವುದಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಇಷ್ಟು ದೊಡ್ಡ ಕಲ್ಲು ತಾನಾಗಿ ಇಳಿದು ಹೊರಗೆ ಬರುವುದಿಲ್ಲ. ಬೆನ್ನಿನಲ್ಲಿ ತೂತು ಮಾಡಿ ತೆಗೆಯಬೇಕು. ರಕ್ತದ ಮಾತ್ರೆ ನುಂಗುತ್ತಿರುವಾಗ ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೂ ಹೋಗಬಹುದು.

"ಅತ್ತ ದರಿ, ಇತ್ತ ಪುಲಿ" ಎಂದೆ ನಾನು.

"ಮೂರನೇ ದಾರಿ ಒಂದಿದೆ ಅಮ್ಮ. ಈ ಕಲ್ಲುಗಳಲ್ಲಿ ಜಾತಿಗಳಿವೆ. ಹೆಚ್ಚಿನವು ಸುಣ್ಣದ ಅಂಶದವು, ಅವು ಯಾವ ಔಷಧಿಗೂ ಬಗ್ಗಲ್ಲ. ಒಂದು ಜಾತಿ ಮಾತ್ರ ಮೂತ್ರದ ಹುಳಿಯಿಂದಲೇ ಹುಟ್ಟುತ್ತೆ. ಹುಳಿ ಇಳಿಸಿದ್ರೆ ಸಕ್ಕರೆ ಹಾಗೆ ನಿಧಾನವಾಗಿ ಕರಗಿಹೋಗುತ್ತೆ. ನಿಮ್ಮವರದ್ದು ಆ ಜಾತಿಯದಾದ್ರೆ ಕತ್ತಿ ಬೇಡ, ಸೂಜಿ ಬೇಡ. ಎದೆಯ ಮಾತ್ರೆನೂ ನಿಲ್ಲಿಸಬೇಕಾಗಿಲ್ಲ."

"ಯಾವ ಜಾತಿ ಅಂತ ನೋಡಿಬಿಡಿ ಮತ್ತೆ."

"ಕಲ್ಲು ಕೈಗೆ ಸಿಕ್ಕಿದ್ರೆ ಲ್ಯಾಬಿನವರು ಕಣ್ಣು ಮುಚ್ಚಿ ಹೇಳ್ತಾರೆ. ಕೈಗೆ ಸಿಗಬೇಕಾದ್ರೆ ಆಪರೇಷನ್ ಮಾಡಬೇಕು. ಆಪರೇಷನ್ ಬೇಕೋ ಬೇಡವೋ ಅಂತ ತಿಳಿಯೋಕೆ ಕಲ್ಲು ಯಾವುದು ಅಂತ ಗೊತ್ತಾಗಬೇಕು."

ಅಲ್ಲಿಯವರೆಗೆ ಗೋಡೆ ನೋಡುತ್ತ ಕುಳಿತಿದ್ದ ನಮ್ಮವರು ತಟ್ಟನೆ ಇತ್ತ ತಿರುಗಿದರು. ಇದು ಅವರ ವಿಷಯ.

"ಒಡೆಯದೆ ಕಲ್ಲಿನ ಜಾತಿ ಹೇಳಬೇಕು ಅನ್ನಿ."

"ಹೌದು."

"ಹೇಗೆ ಹೇಳ್ತೀರಿ?"

"ನೀವು ಹೇಗೆ ಹೇಳ್ತೀರಿ, ಅದನ್ನ ಮೊದಲು ಹೇಳಿ."

ಇವರು ಬೆರಳಿನ ಗೆಣ್ಣಿನಿಂದ ಡಾಕ್ಟರಮ್ಮನ ಮೇಜನ್ನು ಕುಟ್ಟಿದರು. ಗಟ್ಟಿ ಕಲ್ಲು ಗಂಟೆಯ ಹಾಗೆ ಕೂಗುತ್ತದಂತೆ, ಒಳಗೆ ಬಿರುಕಿದ್ದರೆ ಕೆಮ್ಮುತ್ತದಂತೆ. ನೀರು ಹಚ್ಚಿದರೆ ಒಳಗಿನ ಬಣ್ಣ ಮೇಲೆ ಬರುತ್ತದೆ. ತೆಳು ಹಲಗೆಯಾದರೆ ಹಿಂದೆ ದೀಪ ಹಿಡಿಯಬೇಕು. ಅಮೃತಶಿಲೆಯೋ ಬೇರೆಯೋ ಎಂಬ ಅನುಮಾನ ಬಂದರೆ ಮೂಲೆಯಲ್ಲಿ ಒಂದು ತೊಟ್ಟು ಹುಳಿ ಬಿಡಬೇಕು. ನೊರೆ ಬಂದರೆ ಅದು ಅಮೃತಶಿಲೆ.

"ನಮ್ಮದೂ ಹೆಚ್ಚು ಕಡಿಮೆ ಹಾಗೇ" ಎಂದು ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಬಿಳುಪಿನ ಚಿತ್ರ. ಬೂದುಬಣ್ಣದ ಹುರುಳಿಬೀಜದ ಆಕಾರದೊಳಗೆ ಒಂದು ಬಿಳಿ ಚುಕ್ಕೆ. "ಮಾಮೂಲಿ ಎಕ್ಸ್-ರೇನಲ್ಲಿ ಇದು ಕಾಣಲೇ ಇಲ್ಲ. ಸುಣ್ಣದ ಕಲ್ಲಾಗಿದ್ರೆ ಮೂಳೆ ಹಾಗೆ ಕಾಣಬೇಕಿತ್ತು. ಸ್ಕ್ಯಾನ್‌ನಲ್ಲಿ ಕಾಣುತ್ತೆ, ಆದ್ರೆ ಎಷ್ಟು ಗಟ್ಟಿ ಅಂತ ಅಳೆದ್ರೆ ಮೆದು ಕಡೆಗೇ ಇದೆ. ಇದು ಒಂದು ಸಾಕ್ಷಿ. ಇನ್ನೊಂದು ಮೂತ್ರದ ಹುಳಿ. ಎರಡನ್ನೂ ವಯಸ್ಸು, ತೂಕ, ಕುಡಿಯೋ ನೀರು ಎಲ್ಲದರ ಜೊತೆ ಈ ಕಂಪ್ಯೂಟರ್‌ಗೆ ಹಾಕ್ತೀನಿ."

"ಅದು ಶಾಸ್ತ್ರ ಹೇಳುತ್ತಾ?"

"ಹಿಂದೆ ಬಂದ ರೋಗಿಗಳ ಕಲ್ಲು ತೆಗೆದು ಪರೀಕ್ಷೆ ಮಾಡಿದ್ದಾರಲ್ಲ, ಅದೆಲ್ಲ ಇದರ ಹೊಟ್ಟೇಲಿದೆ. ನಿಮ್ಮ ಕಲ್ಲು ಅವುಗಳಲ್ಲಿ ಯಾರ ಕಲ್ಲಿನ ನೆಂಟ ಅಂತ ಹೋಲಿಸಿ ಹೇಳುತ್ತೆ. ಊಹೆನೇ. ಆದ್ರೆ ನೂರಾರು ಜನರನ್ನ ನೋಡಿದ ಮುದುಕನ ಊಹೆ ಇದ್ದ ಹಾಗೆ."

ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ ಬಣ್ಣ ತಿಳಿಸಬೇಕೆಂದು ಕಾಗದದ ಪಟ್ಟಿಗಳ ಡಬ್ಬಿಯೊಂದನ್ನು ನನ್ನ ಕೈಗೇ ಕೊಟ್ಟರು. ಅದ್ದಿದ ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹುಳಿ. ಹಸಿರು, ನೀಲಿಯಾದರೆ ಹುಳಿಗೆ ಎದುರಾದ ಕ್ಷಾರ. ಕರಗುವ ಜಾತಿಯ ಕಲ್ಲಾದರೆ ಕಿತ್ತಳೆಯೇ ಬರಬೇಕು.

ನನಗೆ ಆ ಡಬ್ಬಿ ಸಿಕ್ಕಿದ್ದು ಮಗುವಿಗೆ ಬಣ್ಣದ ಪೆನ್ಸಿಲ್ ಸಿಕ್ಕಿದ ಹಾಗಾಯಿತು. ಮಕ್ಕಳೆಲ್ಲ ಬೆಳೆದ ಮೇಲೆ ರಾತ್ರಿ ಶಾಲೆಗೆ ಹೋದವಳು ನಾನು. ಅಲ್ಲಿ ಮೇಷ್ಟ್ರು ಒಂದೇ ಒಂದು ಲಿಟ್ಮಸ್ ಕಾಗದವನ್ನು ದೂರದಿಂದ ತೋರಿಸಿ, ಬೆಲೆಬಾಳುವುದು ಎಂದು ಮತ್ತೆ ಬೀಗ ಹಾಕಿಟ್ಟಿದ್ದರು. ಈಗ ಡಬ್ಬಿ ತುಂಬ ನನ್ನದೇ. ಇವರ ಪರೀಕ್ಷೆಗೆ ಬೇಕಾದಷ್ಟು ಎತ್ತಿಟ್ಟು, ಮಿಕ್ಕಿದ್ದನ್ನು ಟೀಗೆ ಅದ್ದಿದೆ. ಸೋಪಿನ ನೀರಿಗೆ ಅದ್ದಿದೆ. ನಲ್ಲಿಯ ನೀರಿಗೂ ಅದ್ದಿದೆ.

"ನನ್ನ ಉಚ್ಚೆ ಆಯ್ತು, ಈಗ ಟೀದು ಶುರುನಾ? ನಾಳೆ ಪಕ್ಕದ ಮನೆಯವರನ್ನೂ ಕರೀತೀಯೇನೋ" ಎಂದರು ಇವರು.

"ಸುಮ್ನಿರ್ರೀ. ಕಲಿಯೋರ ಕಾಲೆಳೀಬಾರದು."

ನಿಂಬೆರಸಕ್ಕೆ ಅದ್ದಿದರೆ ಹೇಗಿರುತ್ತದೆ ಎಂಬ ಆಸೆಯಾಯಿತು. ಬುಟ್ಟಿ ನೋಡಿದರೆ ಆಗಷ್ಟೇ ತಂದಿದ್ದ ನಿಂಬೆಹಣ್ಣು ಒಂದೂ ಇಲ್ಲ.

"ನಿಂಬೆಹಣ್ಣು ಎಲ್ಲಿ ಹೋಯ್ತು ರೀ?"

"ಒಣಗಿತ್ತು. ಬಿಸಾಕಿದೆ."

ಈ ಮನೆಯಲ್ಲಿ ನಿಂಬೆಹಣ್ಣಿನ ವೈರಿ ಅವರೇ. ಬಿಸಾಕಿದ್ದರೆ ಆಶ್ಚರ್ಯವೇನು ಎಂದು ನಾನೂ ಸುಮ್ಮನಾದೆ.

ಇವರ ಪಟ್ಟಿ ಮಾತ್ರ ದಿನವೂ ಹಸಿರು. ಬೆಳಿಗ್ಗೆಯೂ ಹಸಿರು, ಸಂಜೆಯೂ ಹಸಿರು, ಒಮ್ಮೊಮ್ಮೆ ನೀಲಿಯ ನೆರಳು. ಒಂದು ಸಲವಾದರೂ ಕಿತ್ತಳೆಗೆ ತಿರುಗಲೆಂದು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದೆ. ಬಣ್ಣ ಬೇಡಿಕೊಂಡರೆ ಬದಲಾಗುತ್ತದೆಯೇ?

ವಾರ ಕಳೆದು ಹೋದಾಗ ಡಾಕ್ಟರಮ್ಮ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಹುಬ್ಬು ಗಂಟು ಹಾಕಿಕೊಂಡರು.

"ಒಂದು ಸಾಕ್ಷಿ ಪೂರ್ವಕ್ಕೆ ಹೋಗುತ್ತೆ, ಇನ್ನೊಂದು ಪಶ್ಚಿಮಕ್ಕೆ. ಸ್ಕ್ಯಾನು ಮೆದು ಕಲ್ಲು ಅನ್ನುತ್ತೆ. ಆದ್ರೆ ಇಂಥ ಮೂತ್ರದಲ್ಲಿ ಆ ಕಲ್ಲು ಹುಟ್ಟೋದೇ ಅಪರೂಪ. ಕಂಪ್ಯೂಟರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ." ಪೆನ್ನು ಹುಡುಕಿ, ಕಿವಿಯ ಹಿಂದೆಯೇ ಸಿಕ್ಕಿದಾಗ ಇವರ ಕಡೆ ನೋಡಿದರು. "ಬೇರೆ ಏನಾದ್ರೂ ತಗೊಳ್ತಿದ್ದೀರಾ? ಪುಡಿ, ಕಷಾಯ, ಯಾರಾದ್ರೂ ಹೇಳಿದ್ದು?"

"ನಾನಾ? ನಾನ್ಯಾಕೆ ತಗೊಳ್ಳಲಿ? ಏನೂ ಇಲ್ಲಪ್ಪ" ಎಂದರು ಇವರು, ಚಾವಣಿಯ ಫ್ಯಾನಿಗೆ ಹೇಳುವವರ ಹಾಗೆ.

"ಹಾಗಾದ್ರೆ ಇದು ಮಿಶ್ರ ಕಲ್ಲು ಇರಬಹುದು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆದು. ಅಂಥದ್ದಕ್ಕೆ ಔಷಧಿ ಒಳಗೇ ಇಳಿಯಲ್ಲ. ಕಾಯ್ತಾ ಕೂತ್ರೆ ಮೂತ್ರಪಿಂಡ ಕೆಡುತ್ತೆ." ದನಿ ತಗ್ಗಿತು. "ಹೃದಯದ ಡಾಕ್ಟರ ಹತ್ತಿರ ಮಾತಾಡ್ತೀನಿ. ಎದೆಯ ಮಾತ್ರೆ ನಿಲ್ಲಿಸಿ ಆಪರೇಷನ್ ಮಾಡೋದೇ ಆಗಬಹುದು. ಅಪಾಯ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಬಸ್ಸಿನಲ್ಲಿ ಮನೆಗೆ ಬರುವಾಗ ಇವರು ಕಿಟಕಿಯ ಸರಳಿಗೆ ಹಣೆ ಆನಿಸಿ ಕುಳಿತಿದ್ದರು. ನಮ್ಮ ಬೀದಿ ಬಂದಾಗ, "ಆ ಮೆಟ್ಟಿಲಿನ ಕೆಲಸ ಅರ್ಧಕ್ಕೇ ನಿಂತಿದೆ. ನಮ್ಮ ಜೊತೆ ಕಲ್ಲು ಕೊಯ್ಯೋ ಗರಗಸದವನಿಗೆ ಹೇಳಿ ಬೇರೆ ಯಾರಿಗಾದ್ರೂ ಕೊಡಿಸಬೇಕು" ಎಂದರು. ಇಷ್ಟು ವರ್ಷದಲ್ಲಿ ತಮ್ಮ ಕೈಯ ಕೆಲಸವನ್ನು ಬೇರೆಯವರಿಗೆ ಕೊಡುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಬೇಕಾದ ಬಟ್ಟೆ ಜೋಡಿಸಲು ಕೂತೆ. ಇವರ ಮೆತ್ತನೆಯ ಟವೆಲ್ಲು ಕಾಣಲಿಲ್ಲ. ಹಿತ್ತಲ ಬಾಗಿಲ ಪಕ್ಕದಲ್ಲಿ ಇವರ ಸಾಮಾನಿನ ಕೋಣೆಯಿದೆ. ಉಜ್ಜುವ ಕಲ್ಲು, ಪಾಲಿಶಿನ ಮೇಣ, ನಮೂನೆಯ ತುಂಡುಗಳು ಅಲ್ಲಿರುತ್ತವೆ. ಟವೆಲ್ಲಿಗೆಂದು ಒಳಗೆ ಹೋದೆ. ಬೆಳಗಿನ ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ ಬಿದ್ದಿತ್ತು.

ಪಾಲಿಶ್ ನೋಡುವುದಾದರೆ ಓರೆ ಬೆಳಕಿನಲ್ಲಿ ನೋಡಬೇಕು ಎಂದು ಇವರೇ ನನಗೆ ಕಲಿಸಿದ್ದು. ನೇರ ಬೆಳಕು ಹೊಗಳುತ್ತದೆ, ಓರೆ ಬೆಳಕು ನಿಜ ಹೇಳುತ್ತದೆ ಎನ್ನುತ್ತಾರೆ. ಆ ಬೆಳಕಿನಲ್ಲಿ ಬಿಳಿಯ ಕಟ್ಟೆಯ ಮೇಲೆ ಮಂಕು ಗುರುತುಗಳು ಕಂಡವು. ದುಂಡಗೆ ಇದ್ದವು. ಬಗ್ಗಿ ನೋಡಿದೆ. ಪ್ರತಿ ದುಂಡಿನೊಳಗೂ ನಡುವಿನಿಂದ ಅಂಚಿಗೆ ಗೆರೆಗಳು, ಚಕ್ರದ ಕಡ್ಡಿಗಳ ಹಾಗೆ. ಒಂದರ ಮೇಲೊಂದು, ಪಕ್ಕದಲ್ಲಿ ಇನ್ನೊಂದು, ಕಟ್ಟೆಯ ತುಂಬ ಚಕ್ರಗಳು.

ಹೆಚ್ಚಿದ ನಿಂಬೆಹೋಳನ್ನು ಮಗುಚಿ ಇಟ್ಟರೆ ಕಲ್ಲಿನ ಮೇಲೆ ಹೀಗೇ ಅಚ್ಚು ಬೀಳುತ್ತದೆ. ಅಂಚು ಸಿಪ್ಪೆಯದು, ಗೆರೆ ತೊಳೆಗಳದು. ಬೇರೆ ಯಾರ ಮನೆಯಲ್ಲಾದರೂ ಇದನ್ನು ನೋಡಿ ನೀರಿನ ಕಲೆ ಎಂದು ಬಟ್ಟೆ ಹಿಡಿಯುತ್ತಿದ್ದರು. ಮೇಣದ ಡಬ್ಬಿಯ ಹಿಂದೆ ಒಂದು ಗಾಜಿನ ಲೋಟ, ಅದರ ಪಕ್ಕ ನಮ್ಮ ಅಡುಗೆ ಸೋಡಾದ ಪೊಟ್ಟಣ.

"ರೀ! ಇಲ್ಲಿ ಬನ್ನಿ ಸ್ವಲ್ಪ."

ಬಂದರು. ನಾನು ಏನೂ ಹೇಳುವ ಮೊದಲೇ ಅವರ ಕೈ ತಾನಾಗಿಯೇ ಬಾಯಿ ಒರೆಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಇದೇನ್ರೀ?"

"ಇದಾ... ಮೊದಲಿಂದ ಇತ್ತೇನೋ."

"ನೀವು ಪಾಲಿಶ್ ಹಾಕಿದ ಕಲ್ಲಲ್ಲಿ ಮೊದಲಿಂದ ಇತ್ತಾ? ಹಾಗಂತ ಬೀದೀಲಿ ನಿಂತು ಹೇಳಲಾ?"

ಅಲ್ಲಿಗೆ ಕರಗಿದರು. ಮೇಣದ ಡಬ್ಬಿಯ ಮೇಲೆ ಕುಳಿತು ಒಂದೊಂದೇ ಹೇಳಿದರು. ಗರಗಸದವನು ಹೇಳಿದ್ದನಂತೆ, 'ಮಾರ್ಬಲ್ಲನ್ನೇ ತಿನ್ನೋ ನಿಂಬೆಹಣ್ಣು, ನಿನ್ನ ಹೊಟ್ಟೇಲಿರೋ ಹರಳನ್ನ ಬಿಡುತ್ತಾ?' ಕಲ್ಲಿನ ಕೆಲಸದವರಿಗೆ ಇದಕ್ಕಿಂತ ಸರಿಯಾದ ಮಾತು ಯಾವುದಿದೆ! ಇಲ್ಲೇ ಕದ್ದು ಹಿಂಡಿ ಕುಡಿದರು, ಅವಸರದಲ್ಲಿ ಹೋಳುಗಳನ್ನು ಕಟ್ಟೆಯ ಮೇಲೇ ಮಗುಚಿಟ್ಟರು. ಆದರೆ ನೊರೆ ಬರಲಿಲ್ಲ. ನೊರೆ ಬರದಿದ್ದರೆ ಹುಳಿ ಕಲ್ಲನ್ನು ತಿನ್ನುತ್ತಿಲ್ಲ ಎಂದೇ ಅವರ ಲೆಕ್ಕ. ಅದಕ್ಕೆ ಒಂದು ಚಮಚ ಸೋಡಾ ಹಾಕಿದರು. ಲೋಟ ಬುಸ್ಸೆಂದು ಉಕ್ಕಿತು. ಮನಸ್ಸಿಗೆ ಸಮಾಧಾನವಾಯಿತು. ದಿನಕ್ಕೆ ಮೂರು ನಾಲ್ಕು ಸಲ.

"ಮನೇಲಿ ನಿಂಬೆಹಣ್ಣು ಕಂಡ್ರೆ ಹಾವು ಕಂಡ ಹಾಗೆ ಹಾರೋರು ನೀವು!"

"ಅದಕ್ಕೇ ಹೇಳಲಿಲ್ಲ. ನಗ್ತೀಯ ಅಂತ."

"ಡಾಕ್ಟರಮ್ಮ ಕೇಳಿದಾಗ?"

"ಅವರು ಔಷಧಿ ತಗೋತೀರಾ ಅಂದ್ರು. ನಿಂಬೆಹಣ್ಣು ಔಷಧೀನಾ?" ಎಂದವರು ತಲೆ ತಗ್ಗಿಸಿದರು. "ಎದೆ ಮಾತ್ರೆ ನಿಲ್ಲಿಸಿ ಮಲಗಿದ್ರೆ ನಾನು ಏಳಲ್ಲ ಅಂತ ಅನ್ನಿಸಿಬಿಟ್ಟಿದೆ ಕಣೇ. ಅಷ್ಟರೊಳಗೆ ನಾನೇ ಕರಗಿಸಿಬಿಡೋಣ ಅಂತ... ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ."

"ಸಿಕ್ಕಿದ್ದೆಲ್ಲ ಹೊಟ್ಟೆಗೆ ಹಾಕ್ಕೊಂಡೇ ಈ ಗತಿ ಬಂದಿರೋದು" ಎಂದೆ. ಆಮೇಲೆ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಆ ಕೈ ಉಜ್ಜುವ ಕಲ್ಲಿನಷ್ಟೇ ಒರಟು, ಆದರೆ ಅಂದು ತಣ್ಣಗಿತ್ತು.

ಒಂದು ವಿಷಯ ಮಾತ್ರ ನನಗೆ ತಿಳಿಯಲಿಲ್ಲ. ಇಷ್ಟು ಹುಳಿ ಕುಡಿದರೆ ಪಟ್ಟಿ ಕಿತ್ತಳೆಗೆ ತಿರುಗಬೇಕಿತ್ತಲ್ಲ? ಹಸಿರಾದದ್ದು ಏಕೆ? ಹಾಗಾದರೆ ನಿಂಬೆಹಣ್ಣು ಅಪರಾಧಿಯೇ ಅಲ್ಲವೇನೋ. ಲೋಟದ ಹಿಂದೆ ಉಳಿದಿದ್ದ ಅರ್ಧ ಹೋಳಿಗೆ ಒಂದು ಪಟ್ಟಿ ಒತ್ತಿದೆ. ಕಿತ್ತಳೆಯನ್ನೂ ದಾಟಿ ಕೆಂಪಗಾಯಿತು. ಅದೇ ರಸಕ್ಕೆ ಸೋಡಾ ಸುರಿದು, ನೊರೆ ಇಳಿದ ಮೇಲೆ ಇನ್ನೊಂದು ಪಟ್ಟಿ ಅದ್ದಿದೆ. ಹಸಿರು! ಇವರೂ ಕತ್ತು ಚಾಚಿ ನೋಡಿದರು.

"ಸೋಡಾ ಮಾಡಿದ ಕೆಲಸ" ಎಂದೆ.

"ನಿಂಬೆಹಣ್ಣಿಂದ ಏನೂ ತಪ್ಪಿಲ್ಲ ಅನ್ನು."

"ಅದನ್ನ ಡಾಕ್ಟರಮ್ಮ ಹೇಳಲಿ. ಚಪ್ಪಲಿ ಹಾಕಿ."

ಹೊರಟೆವು. ಡಾಕ್ಟರಮ್ಮ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವರು ಮೊದಲು ಕಣ್ಣರಳಿಸಿದರು, ಆಮೇಲೆ ಗೋಡೆಗೆ ಒರಗಿ ನಕ್ಕರು.

"ಪರೀಕ್ಷೆಗೇ ಹುಳಿ ಹಿಂಡಿಬಿಟ್ರಲ್ಲ ಯಜಮಾನರೇ!"

"ಹುಳಿ ಹಿಂಡಿದ್ರೆ ಹುಳಿ ಆಗಬೇಕಿತ್ತಲ್ಲ ತಾಯಿ?" ಎಂದರು ಇವರು. ಬೈಸಿಕೊಳ್ಳುವಾಗಲೂ ಅನುಮಾನ ಬಿಡುವವರಲ್ಲ.

"ಅಲ್ಲೇ ಇರೋದು ಮಜಾ. ನಿಂಬೆ ನಾಲಿಗೆ ಮೇಲೆ ಹುಳಿ, ಕಲ್ಲಿನ ಮೇಲೂ ಹುಳಿ. ದೇಹದ ಒಳಗೆ ಹೋದ್ಮೇಲೆ ಆ ಹುಳಿ ಉರಿದುಹೋಗುತ್ತೆ, ಉಳಿಯೋದು ಅದರ ಎದುರಾಳಿ. ಮೂತ್ರಕ್ಕೆ ಬರೋ ಹೊತ್ತಿಗೆ ಹುಳಿ ಇಳಿದಿರುತ್ತೆ. ಅದರ ಮೇಲೆ ನೀವು ಚಮಚ ಚಮಚ ಸೋಡಾ ಬೇರೆ. ಹಸಿರಾಗದೆ ಇನ್ನೇನಾಗುತ್ತೆ?" ನಗು ನಿಲ್ಲಿಸಿ ಬೆರಳು ತೋರಿಸಿದರು. "ಸೋಡಾ ಅಂದ್ರೆ ಉಪ್ಪಿನ ಅಣ್ಣತಮ್ಮ. ನಿಮ್ಮ ಎದೆಗೆ ಅದು ಒಳ್ಳೇದಲ್ಲ. ಇವತ್ತಿಂದ ನಿಂಬೆನೂ ಬೇಡ, ಸೋಡಾನೂ ಬೇಡ. ನೀರು ಮಾತ್ರ. ಮತ್ತೆ ಮೊದಲಿಂದ ಪಟ್ಟಿ ಅದ್ದಿ. ಅಲ್ಲಿವರೆಗೆ ಆಪರೇಷನ್ ಮಾತು ತಡೆದಿಡ್ತೀನಿ."

ನಾನು ಅಡುಗೆಮನೆಯ ನಿಂಬೆಹಣ್ಣನ್ನೂ ಸೋಡಾವನ್ನೂ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಮೊದಲ ಒಂದೆರಡು ದಿನ ಪಟ್ಟಿ ಹಸಿರಲ್ಲೇ ಮೊಂಡು ಹಿಡಿಯಿತು. ಆಮೇಲೊಂದು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಅದ್ದಿ ತೆಗೆದೆ. ಹಳದಿಗೆ ಬಂತು, ಹಳದಿಯಲ್ಲಿ ನಿಲ್ಲದೆ ಕಿತ್ತಳೆಗೆ ಜಾರಿತು. ಸಂಜೆ ಅಚ್ಚ ಕಿತ್ತಳೆ. ಮರುದಿನವೂ ಅದೇ.

"ರೀ, ಉಚ್ಚೆ ಹುಳಿಯಾಯ್ತು!" ಎಂದು ಕೂಗಿದೆ. ಗಂಡನ ಮೂತ್ರ ಹುಳಿಯಾಯಿತೆಂದು ಹೀಗೆ ಕುಣಿದ ಹೆಂಗಸು ನಾನೊಬ್ಬಳೇ ಇರಬೇಕು.

ಈ ಸಲ ಕಂಪ್ಯೂಟರು ಅಡ್ಡಗೋಡೆಯಿಂದ ಕೆಳಗಿಳಿಯಿತು. ಕರಗುವ ಜಾತಿಯೇ ಇರಬೇಕು, ಹೆಚ್ಚು ಕಡಿಮೆ ಖಾತ್ರಿ ಎಂದಿತು. ಆದರೂ ಡಾಕ್ಟರಮ್ಮ, "ಕಲ್ಲನ್ನ ನಾವ್ಯಾರೂ ನೋಡಿಲ್ಲ. ಔಷಧಿಗೆ ಬಗ್ಗಿದ್ರೆ ಊಹೆ ನಿಜ. ಬಗ್ಗದೆ ಇದ್ರೆ ಮತ್ತೆ ಆಪರೇಷನ್ ಮಾತೇ" ಎಂದರು. ನೀರಿಗೆ ಹಾಕಿ ಕುಡಿಯುವ ಪುಡಿಯೊಂದನ್ನು ಬರೆದುಕೊಟ್ಟರು. ಅದು ಯಾವುದರಿಂದ ಮಾಡಿದ್ದೆಂದು ನಾನು ಕೇಳಿದೆ.

"ನಿಂಬೆಯ ಹುಳಿ ಇದೆಯಲ್ಲ, ಅದರ ಮನೆತನದ್ದೇ" ಎಂದು ಡಾಕ್ಟರಮ್ಮ ತುಟಿ ಕಚ್ಚಿಕೊಂಡರು.

ಇವರು ನನ್ನ ಕಡೆ ತಿರುಗಿದ ಗತ್ತು ನೋಡಬೇಕಿತ್ತು. "ನೋಡಿದ್ಯಾ? ಗರಗಸದವನು ಅರ್ಧ ಡಾಕ್ಟ್ರು."

"ಇನ್ನರ್ಧ ಡಾಕ್ಟ್ರು ಇಲ್ಲಿರೋದಕ್ಕೆ ನೀವು ಬದುಕಿರೋದು. ನಡೀರಿ."

ಪಟ್ಟಿಯ ಬಣ್ಣ ನೋಡಿ ನೋಡಿ ಪುಡಿಯ ಅಳತೆ ಹೆಚ್ಚು ಕಡಿಮೆ ಮಾಡುವ ಕೆಲಸ ನನ್ನದಾಯಿತು. ಹಸಿರು ಇಣುಕಬೇಕು, ನೀಲಿಗೆ ಹೋಗಬಾರದು. ಇವರು ಪುಡಿಯ ನೀರು ಕುಡಿಯುವಾಗಲೆಲ್ಲ ಲೋಟದೊಳಗೆ ಇಣುಕಿ, "ನೊರೆ ಇಲ್ಲ" ಎಂದು ಗೊಣಗುತ್ತಿದ್ದರು. ಎದೆಯ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ನಡುವೆ ಒಮ್ಮೆ ನೋವು ಬಂದು, ಇಡೀ ಮಧ್ಯಾಹ್ನ ಗೋಡೆಗೆ ಬೆನ್ನು ಒತ್ತಿ ಕುಳಿತರು. ಊಹೆ ಸುಳ್ಳಾಯಿತೇ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ಜಲ್ಲಿ ಇದ್ದದ್ದು ಕಡಲೆಕಾಳಾಗಿತ್ತು. ಅದರ ಮುಂದಿನದರಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಹುಡುಕಿದರು. ಪೆನ್ನು ಹುಡುಕುವ ಹಾಗೆಯೇ ಹುಡುಕಿದರು. ಈ ಸಲ ಕಿವಿಯ ಹಿಂದೆಯೂ ಇರಲಿಲ್ಲ.

"ಹೋಯ್ತು" ಎಂದರು.

ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡೆ. ಇವರು ಮಾತ್ರ ಪರದೆಯ ಹತ್ತಿರಕ್ಕೆ ಹೋಗಿ ನಿಂತರು.

"ಏನೂ ಉಳಿದಿಲ್ವಾ? ಒಂದು ಚೂರೂ?"

"ಇಲ್ಲ. ಯಾಕೆ, ಬೇಕಿತ್ತಾ?"

"ಅಲ್ಲ... ಜೀವಮಾನವೆಲ್ಲ ಕಲ್ಲು ನೋಡಿದ್ದೀನಿ. ನನ್ನದೇ ಕಲ್ಲನ್ನ ನೋಡಲಿಲ್ಲ ನೋಡಿ. ಯಾವ ಬಣ್ಣ ಇತ್ತೋ."

"ಆ ಜಾತಿ ಸಾಮಾನ್ಯವಾಗಿ ಹಳದಿ ಮಿಶ್ರ ಕಂದು. ಕೆಲವು ಸಲ ಕೆಂಪು ಛಾಯೆ. ನಿಮ್ಮದು ಹಾಗೇ ಇತ್ತು ಅಂತ ಪ್ರಮಾಣ ಮಾಡಿ ಹೇಳಲಾರೆ."

ಮನೆಗೆ ಬಂದವರೇ ಸಾಮಾನಿನ ಕೋಣೆ ಹೊಕ್ಕರು. ಕಿಟಕಿ ಕಟ್ಟೆಯ ಚಕ್ರಗಳನ್ನು ಉಜ್ಜಿ ಅಳಿಸುತ್ತಾರೆ ಎಂದುಕೊಂಡು ನಾನು ಹಿಂದೆಯೇ ಹೋದೆ. ಅವರು ನಮೂನೆಯ ತುಂಡುಗಳ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಕುಳಿತಿದ್ದರು. ಒಂದೊಂದನ್ನೇ ಎತ್ತುವುದು, ಎಂಜಲು ಬೆರಳಿನಿಂದ ಒದ್ದೆ ಮಾಡುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು, ಇಡುವುದು. ಕೊನೆಗೆ ಉಗುರಿನಷ್ಟು ದೊಡ್ಡ ಕಂದು ತುಂಡೊಂದು ಹಿಡಿಸಿತು.

"ಹೀಗಿತ್ತು ಅಂತ ಕಾಣುತ್ತೆ" ಎಂದು ನನ್ನ ಅಂಗೈಯಲ್ಲಿಟ್ಟರು.

ನಾನು ಅದನ್ನು ಓರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. "ಸ್ವಲ್ಪ ಕೆಂಪು ಜಾಸ್ತಿ ಬೇಕೇನೋ ರೀ."

ಇವರು ಯೋಚಿಸಿದರು. ಮತ್ತೆ ನೆಲದ ಮೇಲಿನ ರಾಶಿಗೆ ಕೈ ಹಾಕಿದರು.